ಟೆಂಪೋ ಟ್ರಾವೆಲರ್ ಚಾವಣಿಗೆ ಗಾಳಿಕಿಂಡಿ: ತಗಡು ಕೊಯ್ಯುವ ಮೊದಲು ಏನೇನು ನೋಡಬೇಕು?

ದುರ್ಗದ ಸವಾರ · ಏಪ್ರಿಲ್ 9

ಎಲ್ಲರಿಗೂ ನಮಸ್ಕಾರ. ನಾವು ಚಿತ್ರದುರ್ಗದವರು. ಕಳೆದ ದೀಪಾವಳಿಯ ಹೊತ್ತಿಗೆ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಹಿಂದಿನ ಸೀಟುಗಳನ್ನು ಬಿಚ್ಚಿಸಿ, ಇಬ್ಬರು ಮಲಗುವ ಮಂಚ, ಒಂದು ಚಿಕ್ಕ ಅಡುಗೆ ಕಟ್ಟೆ ಮತ್ತು 12 ವೋಲ್ಟಿನ ಪ್ರತ್ಯೇಕ ಬ್ಯಾಟರಿಯನ್ನು ಕೂಡಿಸಿಕೊಂಡಿದ್ದೇವೆ. ಚಳಿಗಾಲದಲ್ಲಿ ಹಿರಿಯೂರಿನ ಕಡೆ, ವಾಣಿ ವಿಲಾಸ ಸಾಗರದ ಆಸುಪಾಸಿನಲ್ಲಿ ಕಳೆದ ರಾತ್ರಿಗಳು ಬಹಳ ಹಿತವಾಗಿದ್ದವು. ಯುಗಾದಿ ಮುಗಿದದ್ದೇ ತಡ, ಗಾಡಿಯೊಳಗೆ ಮಲಗುವುದೆಂದರೆ ರೊಟ್ಟಿ ಹಂಚಿನ ಕೆಳಗೆ ಮಲಗಿದಂತಾಗಿದೆ. ರಾತ್ರಿ ಹತ್ತು ಗಂಟೆಗೂ ಒಳಚಾವಣಿಗೆ ಅಂಗೈ ಇಟ್ಟರೆ ಬಿಸಿ ತಾಗುತ್ತದೆ. ಕಿಟಕಿ ಪೂರ್ತಿ ತೆರೆದರೆ ಸೊಳ್ಳೆ ಬರುತ್ತವೆ, ಮೇಲಾಗಿ ಹೆದ್ದಾರಿ ಬದಿಯಲ್ಲಿ ಕಿಟಕಿ ತೆರೆದು ಮಲಗಲು ನನ್ನ ಮನೆಯವರು ಒಪ್ಪುವುದಿಲ್ಲ.

ಆದ್ದರಿಂದ ಚಾವಣಿಯಲ್ಲಿ ಫ್ಯಾನ್ ಸಹಿತದ ಗಾಳಿಕಿಂಡಿಯೊಂದನ್ನು ಕೂರಿಸಬೇಕೆಂದು ತೀರ್ಮಾನಿಸಿದ್ದೇನೆ. ಇಲ್ಲಿನ ಒಂದು ಗ್ಯಾರೇಜಿನಲ್ಲಿ ವಿಚಾರಿಸಿದಾಗ, ಗ್ರೈಂಡರಿನಿಂದ ಅರ್ಧ ಗಂಟೆಯಲ್ಲಿ ಕೊಯ್ದು, ಸುತ್ತ ಸಿಲಿಕಾನ್ ಒತ್ತಿ, ಸಂಜೆಯೊಳಗೆ ಗಾಡಿ ಕೊಡುತ್ತೇವೆ ಎಂದರು. ಅಷ್ಟು ಸಲೀಸಾಗಿ ಹೇಳಿದ್ದೇ ನನಗೆ ಅನುಮಾನ ಹುಟ್ಟಿಸಿತು. ಎಲ್ಲಿ ಕೊಯ್ಯಬೇಕು, ಯಾವುದರಿಂದ ಕೊಯ್ಯಬೇಕು, ಮಳೆಗಾಲದಲ್ಲಿ ಸೋರದಂತೆ ಮಾಡುವುದು ಹೇಗೆ ಎಂಬ ಮೂರು ಪ್ರಶ್ನೆಗಳಿಗೆ, ಕೈಯಾರೆ ಮಾಡಿದವರು ದಯವಿಟ್ಟು ಉತ್ತರಿಸಬೇಕು.

ಹದಿನೇಳರ ಶೆಡ್ · ಏಪ್ರಿಲ್ 9

ನಮಸ್ಕಾರ ಸರ್. ದಾವಣಗೆರೆಯಲ್ಲಿ ಬಾಡಿ ಕಟ್ಟುವ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ಕಳೆದಿದೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮೊದಲು ಆ ಗ್ರೈಂಡರಿನ ವಿಷಯವನ್ನು ಮುಗಿಸಿಬಿಡುತ್ತೇನೆ. ಗ್ರೈಂಡರ್ ತಗಡನ್ನು ಸುಟ್ಟು ಕೊಯ್ಯುತ್ತದೆ. ಅದರಿಂದ ಹಾರುವ ಕಿಡಿಗಳು ಕರಗಿದ ಕಬ್ಬಿಣದ ಹನಿಗಳಾಗಿರುವುದರಿಂದ ಅವು ಬಿದ್ದಲ್ಲೆಲ್ಲ ಪೇಂಟಿನೊಳಗೆ ಕೂತುಬಿಡುತ್ತವೆ, ಗಾಜಿನ ಮೇಲೆ ಬಿದ್ದರೆ ಗಾಜಿಗೂ ಚುಕ್ಕೆ ಬೀಳುತ್ತದೆ. ಆ ದಿನ ಏನೂ ಕಾಣುವುದಿಲ್ಲ. ಎರಡು ಇಬ್ಬನಿ ಬಿದ್ದ ಮೇಲೆ ಬಿಳಿ ಟಾಪಿನ ತುಂಬ ಸಾಸಿವೆ ಚೆಲ್ಲಿದಂತೆ ತುಕ್ಕಿನ ಚುಕ್ಕೆಗಳು ಏಳುತ್ತವೆ. ಜೊತೆಗೆ ಕೊಯ್ದ ಅಂಚಿನ ಸುತ್ತ ಪೇಂಟು ಸುಟ್ಟಿರುವುದರಿಂದ ತುಕ್ಕು ಅಲ್ಲಿಂದಲೇ ಒಳಗೆ ತೆವಳಲು ಆರಂಭಿಸುತ್ತದೆ.

ಜಿಗ್‌ಸಾ, ಅಂದರೆ ಸಣ್ಣ ಬ್ಲೇಡು ಮೇಲೆ ಕೆಳಗೆ ಆಡುವ ಕೈಗರಗಸದ ಯಂತ್ರ, ಬಳಸಿ. ಇಂಚಿಗೆ 24 ಹಲ್ಲುಗಳಿರುವ, ತೆಳು ತಗಡಿಗೆಂದೇ ಸಿಗುವ ಬ್ಲೇಡನ್ನು ಹಾಕಿಕೊಂಡು ನಿಧಾನವಾಗಿ ಕೊಯ್ಯಬೇಕು. ಯಂತ್ರದ ಪಾದದ ಕೆಳಗೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಪೇಂಟಿಗೆ ಗೀರು ಬೀಳುವುದಿಲ್ಲ. ಅದಕ್ಕೂ ಮೊದಲು ಒಂದು ಅಯಸ್ಕಾಂತವನ್ನು ಚಾವಣಿಯ ಮೇಲೆಲ್ಲ ಓಡಿಸಿ ನೋಡಿ. ಹಳೆಯ ಗಾಡಿಗಳಲ್ಲಿ ಹಿಂದಿನ ಮಾಲೀಕರು ಎಲ್ಲಿ ಪುಟ್ಟಿ ತುಂಬಿಸಿದ್ದಾರೆ, ಎಲ್ಲಿ ಫೈಬರ್ ತುಂಡು ಹಾಕಿ ಮುಚ್ಚಿದ್ದಾರೆ ಎಂಬುದು ಅಯಸ್ಕಾಂತ ಹಿಡಿಯದೆ ಜಾರುವ ಜಾಗದಲ್ಲಿ ತಿಳಿದುಬಿಡುತ್ತದೆ. ಪುಟ್ಟಿಯ ಮೇಲೆ ಕಿಂಡಿ ಕೂರಿಸಿದರೆ ಅದು ಬಹಳ ದಿನ ನಿಲ್ಲುವುದಿಲ್ಲ.

ಹಿರಿಯೂರಿನ ಅಕ್ಕ · ಏಪ್ರಿಲ್ 10

ತಮ್ಮಾ, ಕೊಯ್ಯುವ ವಿಷಯಕ್ಕೆ ಹೋಗುವ ಮೊದಲು ಒಂದು ಮಾತು. ಫ್ಯಾನ್ ಎಂದರೆ ಏಸಿ ಅಲ್ಲ. ಹೊರಗಿನ ಗಾಳಿಗಿಂತ ಒಳಗನ್ನು ತಂಪು ಮಾಡುವ ಶಕ್ತಿ ಅದಕ್ಕಿಲ್ಲ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಅದರಿಂದ ಪವಾಡ ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ. ಆದರೆ ನಮ್ಮದು ಬಯಲು ಸೀಮೆ. ಸೂರ್ಯ ಮುಳುಗಿ ಎರಡು ಗಂಟೆ ಕಳೆದರೆ ಹೊರಗೆ ಗಾಳಿ ತಂಪಾಗುತ್ತದೆ, ಗಾಡಿಯ ಒಳಗೆ ಮಾತ್ರ ಮಧ್ಯಾಹ್ನವೇ ಉಳಿದಿರುತ್ತದೆ. ಆ ಮಧ್ಯಾಹ್ನವನ್ನು ಹೊರಗೆ ತಳ್ಳುವುದಷ್ಟೇ ಫ್ಯಾನಿನ ಕೆಲಸ, ಅದನ್ನು ಅದು ಬಹಳ ಚೆನ್ನಾಗಿ ಮಾಡುತ್ತದೆ.

ಎರಡನೆಯದು, ಗಾಳಿ ಹೊರಗೆ ಹೋಗಬೇಕಾದರೆ ಒಳಗೆ ಬರಲು ದಾರಿ ಇರಬೇಕು. 14 ಇಂಚು ಚೌಕದ ಕಿಂಡಿಯ ವಿಸ್ತಾರ 196 ಚದರ ಇಂಚು. ನೀವು ಒಂದು ಕಿಟಕಿಯನ್ನು ಎರಡು ಇಂಚು ಮಾತ್ರ ಸರಿಸಿದರೆ, ಕಿಟಕಿ ಒಂದೂವರೆ ಅಡಿ ಎತ್ತರವಿದೆ ಎಂದುಕೊಂಡರೂ ಸಿಗುವುದು 36 ಚದರ ಇಂಚು. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಆ ಸಂದಿಯಲ್ಲಿ ಬರುವಷ್ಟೇ ಗಾಳಿ ಬರುತ್ತದೆ, ಉಳಿದದ್ದು ಬರೀ ಸದ್ದು. ಆದ್ದರಿಂದ ತಲೆ ಇಡುವ ಕಡೆ ತಗ್ಗಿನಲ್ಲಿರುವ ಕಿಟಕಿಗೆ ಸೊಳ್ಳೆಪರದೆ ಹೊಡೆಸಿ, ಎರಡು ಕಡೆ ಕೈಯಗಲ ತೆರೆಯುವಂತೆ ಮಾಡಿಕೊಳ್ಳಿ. ಕಿಂಡಿಯನ್ನು ಆ ಕಿಟಕಿಗಳಿಂದ ಆದಷ್ಟು ದೂರದ ತುದಿಯಲ್ಲಿ ಇಡಿ. ಆಗ ತಂಪು ಗಾಳಿ ಮೈಮೇಲೆ ಹಾದು ಹೋಗಿ ಬಿಸಿ ಗಾಳಿ ಮೇಲಿನಿಂದ ಹೊರಬೀಳುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಎಲ್ಲ ಕಿಟಕಿ ಮುಚ್ಚಿ ಫ್ಯಾನ್ ಹೊರಕ್ಕೆ ಎಳೆಯುತ್ತಿದ್ದರೆ, ಗಾಡಿ ಸಿಕ್ಕ ಸಿಕ್ಕ ಸಂದಿಯಿಂದ ಗಾಳಿ ಹೀರಿಕೊಳ್ಳುತ್ತದೆ. ಪಕ್ಕದಲ್ಲಿ ಯಾರದಾದರೂ ಜನರೇಟರ್ ಅಥವಾ ಲಾರಿ ಇಂಜಿನ್ ಓಡುತ್ತಿದ್ದರೆ ಆ ಹೊಗೆಯೂ ಒಳಗೆ ಬರುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅಲಾರಂ ಒಂದನ್ನು ತೂಗು ಹಾಕದೆ ಗಾಡಿಯೊಳಗೆ ಗ್ಯಾಸ್ ಒಲೆ ಹಚ್ಚಬೇಡಿ, ಮಲಗಲೂ ಬೇಡಿ.

ದುರ್ಗದ ಸವಾರ · ಏಪ್ರಿಲ್ 10

ಅಕ್ಕಾ, ಕಿಟಕಿಯ ಲೆಕ್ಕ ನನ್ನ ತಲೆಗೇ ಹೊಳೆದಿರಲಿಲ್ಲ, ಧನ್ಯವಾದಗಳು. ನಮ್ಮ ಮಂಚ ಹಿಂಭಾಗದಲ್ಲಿದೆ, ಅಡುಗೆ ಕಟ್ಟೆ ಮುಂಭಾಗದಲ್ಲಿದೆ. ಹಾಗಾದರೆ ಹಿಂದಿನ ಕಿಟಕಿಗಳಿಂದ ಗಾಳಿ ಬಂದು, ಅಡುಗೆ ಕಟ್ಟೆಯ ಮೇಲಿನ ಕಿಂಡಿಯಿಂದ ಹೊರಹೋಗುವಂತೆ ಮಾಡಿದರೆ ಒಗ್ಗರಣೆಯ ಘಾಟೂ ಹೋಗುತ್ತದೆ ಎಂದುಕೊಂಡಿದ್ದೇನೆ. ಈಗ ಉಳಿದದ್ದು ಸೋರುವಿಕೆಯ ಪ್ರಶ್ನೆ. ಒಳ್ಳೆಯ ಕಂಪನಿಯ ಸಿಲಿಕಾನ್ ತಂದರೆ ಸಾಕಾಗುವುದಿಲ್ಲವೇ?

ಹೊಳಲ್ಕೆರೆ ಮೇಷ್ಟ್ರು · ಏಪ್ರಿಲ್ 11

ನಾನು ಗಾಡಿ ಕಟ್ಟಿದವನಲ್ಲ, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು. ಸಿಲಿಕಾನ್ ಸಾಕೇ ಎಂಬ ಪ್ರಶ್ನೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ಕಿಂಡಿಯ ಚೌಕಟ್ಟು ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್ಕಿನದು, ಚಾವಣಿ ಉಕ್ಕಿನದು. ಬೆಳಗಿನ 20 ಡಿಗ್ರಿಯಿಂದ ಮಧ್ಯಾಹ್ನ ತಗಡು 60 ಡಿಗ್ರಿಗೆ ಕಾದಿತು ಎಂದಿಟ್ಟುಕೊಳ್ಳಿ. ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗಿದರೆ, ಈ ಪ್ಲಾಸ್ಟಿಕ್ ಸುಮಾರು 80 ಪಾಲು ಹಿಗ್ಗುತ್ತದೆ. 400 ಮಿಲಿಮೀಟರ್ ಅಗಲದ ಚೌಕಟ್ಟಿನಲ್ಲಿ ಉಕ್ಕಿನ ಹಿಗ್ಗುವಿಕೆ 0.2 ಮಿಲಿಮೀಟರಿಗೂ ಕಡಿಮೆ, ಪ್ಲಾಸ್ಟಿಕ್ಕಿನದು 1.3 ಮಿಲಿಮೀಟರಿನ ಹತ್ತಿರ. ಅಂದರೆ ನಡುವೆ ಕೂತಿರುವ ಅಂಟು ಪ್ರತಿದಿನ ಒಂದು ಮಿಲಿಮೀಟರಿಗೂ ತುಸು ಹೆಚ್ಚು ಎಳೆದಾಟವನ್ನು ತಡೆದುಕೊಳ್ಳಬೇಕು. ಎಂ-ಸೀಲ್‌ನಂತೆ ಕಲ್ಲಾಗುವ ಪದಾರ್ಥವನ್ನು ಅಲ್ಲಿ ಹಾಕಿದರೆ ಕೂದಲೆಳೆಯ ಬಿರುಕು ಬಿಡಲು ಬಹಳ ದಿನ ಬೇಕಾಗುವುದಿಲ್ಲ. ಸಿಲಿಕಾನಿಗೆ ಹಿಗ್ಗುವ ಗುಣವೇನೋ ಇದೆ. ಆದರೆ ಅಗ್ಗದ ಸಿಲಿಕಾನ್ ಒಣಗುವಾಗ ವಿನಿಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ. ಆಗಷ್ಟೇ ಕೊಯ್ದ ಬರಿ ಉಕ್ಕಿನ ಅಂಚಿಗೆ ಆಮ್ಲ ಸವರಿ ಮುಚ್ಚಿಟ್ಟಂತಾಗುತ್ತದೆ.

ಇದರ ಜೊತೆಗೆ ಒಂದು ಹಳೆಯ ನೆನಪು. ನಮ್ಮ ಅಜ್ಜಿಯದು ಮಣ್ಣಿನ ಮಾಳಿಗೆ ಮನೆ. ಅಡುಗೆಮನೆಯ ಮೇಲೆ ಗವಾಕ್ಷಿ ಇತ್ತು. ಅದರ ಸುತ್ತ ಒಂದು ಗೇಣು ಎತ್ತರಕ್ಕೆ ಕಟ್ಟೆ ಕಟ್ಟಿ, ಮಾಳಿಗೆಯ ಮಣ್ಣನ್ನು ಕಟ್ಟೆಯಿಂದ ಹೊರಕ್ಕೆ ಇಳಿಜಾರಾಗಿ ಬಡಿದಿದ್ದರು. ಮಳೆ ಬಂದಾಗ ಯಾರಾದರೊಬ್ಬರು ಏಣಿ ಹತ್ತಿ ಒಡೆದ ಬಾನಿಯೊಂದನ್ನು ಬೋರಲು ಹಾಕಿ ಬರುತ್ತಿದ್ದೆವು. ಅಂಟು ಎಂಬ ವಸ್ತುವೇ ಅಲ್ಲಿರಲಿಲ್ಲ, ಆದರೂ ಆ ಕಿಂಡಿ ಸೋರಿದ್ದನ್ನು ನಾನು ಕಂಡಿಲ್ಲ. ನೀರು ಕಿಂಡಿಯ ಹತ್ತಿರ ನಿಲ್ಲುತ್ತಲೇ ಇರಲಿಲ್ಲ.

ಹದಿನೇಳರ ಶೆಡ್ · ಏಪ್ರಿಲ್ 11

ಮೇಷ್ಟ್ರೇ, ನಾನು ಹುಡುಗರಿಗೆ ದಿನವೂ ಕೂಗಿ ಹೇಳುವುದನ್ನು ನೀವು ಬಾನಿಯಲ್ಲಿ ತೋರಿಸಿಬಿಟ್ಟಿರಿ. ಟ್ರಾವೆಲರ್ ಟಾಪಿನ ತಗಡು ನಯವಾಗಿಲ್ಲ, ಉದ್ದಕ್ಕೂ ಏಣುಗಳಿವೆ. ಏಣುಗಳ ನಡುವಿನ ತಗ್ಗೇ ಮಳೆನೀರಿನ ಕಾಲುವೆ. ಕಿಂಡಿಯ ಚೌಕಟ್ಟನ್ನು ಹಾಗೆಯೇ ಅದರ ಮೇಲೆ ಇಟ್ಟು ತಗ್ಗಿನಲ್ಲೆಲ್ಲ ಅಂಟು ತುಂಬಿದರೆ, ಕಾಲುವೆಗೆ ಅಡ್ಡ ಒಡ್ಡು ಹಾಕಿದಂತೆ. ಗಾಡಿ ಒಂದಿಷ್ಟು ಮುಂದಕ್ಕೆ ವಾಲಿ ನಿಂತರೂ ಆ ಒಡ್ಡಿನ ಹಿಂದೆ ನೀರು ನಿಂತು, ದಿನಗಟ್ಟಲೆ ಅಂಟನ್ನು ನೆಕ್ಕುತ್ತಿರುತ್ತದೆ.

ನಾನು ಮಾಡುವ ಕ್ರಮ ಹೀಗಿದೆ. ಏಣಿನ ಎತ್ತರಕ್ಕೆ ಸರಿಹೊಂದುವ ಅಲ್ಯೂಮಿನಿಯಂ ಅಥವಾ ಫೈಬರ್ ಪಟ್ಟಿಗಳನ್ನು ತಗ್ಗಿನೊಳಗೆ ಪಾಲಿಯುರೇಥೇನ್ ಅಂಟಿನಿಂದ ಕೂರಿಸಿ, ಅದರ ಮೇಲೆ ಒಂದೇ ಸಮನಾದ ಚೌಕಟ್ಟಿನ ಪೀಠ ಮಾಡುತ್ತೇನೆ. ಪೀಠವು ಏಣುಗಳಿಗಿಂತ ಕಾಲು ಇಂಚಾದರೂ ಮೇಲಿರಬೇಕು. ನೀರು ಎದುರಾಗುವ ಕಡೆ ಪೀಠದ ಅಂಚನ್ನು ದೋಣಿಯ ಮೂತಿಯಂತೆ ಓರೆ ಮಾಡಿದರೆ ನೀರು ಸೀಳಿಕೊಂಡು ಎರಡೂ ಬದಿಗೆ ಹೋಗುತ್ತದೆ. ಇದಾದ ಮೇಲೆಯೇ ಬ್ಯೂಟೈಲ್ ಟೇಪಿನ, ಅಂದರೆ ರಬ್ಬರಿನಂಥ ಮೆತ್ತನೆಯ ಅಂಟುಪಟ್ಟಿಯ ಮಾತು. ಬ್ಯೂಟೈಲ್ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ, ಹಿಟ್ಟಿನ ಕಣಕದಂತೆ ಎಳೆದಾಟಕ್ಕೆಲ್ಲ ಒಗ್ಗಿಕೊಳ್ಳುತ್ತದೆ, ಮೇಷ್ಟ್ರು ಹೇಳಿದ ಒಂದು ಮಿಲಿಮೀಟರ್ ಅದಕ್ಕೆ ಲೆಕ್ಕವೇ ಅಲ್ಲ. ಪೀಠ ಮತ್ತು ಕಿಂಡಿಯ ಚೌಕಟ್ಟಿನ ನಡುವೆ ಅದನ್ನು ಇಟ್ಟು ಸ್ಕ್ರೂ ಬಿಗಿಯಿರಿ. ಒಂದೇ ಸಲಕ್ಕೆ ಪೂರ್ತಿ ಬಿಗಿಯಬೇಡಿ. ಒಂದು ದಿನ ಬಿಸಿಲಿಗೆ ಬಿಟ್ಟರೆ ಟೇಪ್ ಮೆತ್ತಗಾಗಿ ಹೊರಕ್ಕೆ ಉಬ್ಬುತ್ತದೆ, ಆಗ ಮತ್ತೊಂದು ಸುತ್ತು ಬಿಗಿದು, ಹೊರಬಂದದ್ದನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದುಬಿಡಿ. ಕೊನೆಯಲ್ಲಿ ಪ್ರತಿ ಸ್ಕ್ರೂ ತಲೆಯ ಮೇಲೂ ಬಿಸಿಲು ತಡೆಯುವ ಸೀಲಂಟಿನ ಒಂದೊಂದು ಬೊಟ್ಟು.

ಸ್ಕ್ರೂಗಳನ್ನು ಬರಿಯ ತಗಡಿಗೆ ಹಾಕಬಾರದು. ತಗಡಿನ ದಪ್ಪ ಒಂದು ಮಿಲಿಮೀಟರಿನ ಆಸುಪಾಸು, ಹಂಪುಗಳ ಮೇಲೆ ಹತ್ತು ದಿನ ಓಡಿದರೆ ಸ್ಕ್ರೂ ಹಿಡಿದ ಮರೆ (ತಿರುಪಿನ ಗೆರೆ) ಸವೆದು ಸಡಿಲವಾಗುತ್ತದೆ. ಒಳಗಿನಿಂದ ಮರೈನ್ ಪ್ಲೈ ಅಥವಾ ಸಾಗುವಾನಿಯ ಚೌಕಟ್ಟು ಕೊಟ್ಟು, ತಗಡು ನಡುವೆ ಸಿಕ್ಕಿಕೊಳ್ಳುವಂತೆ ಸ್ಟೇನ್‌ಲೆಸ್ ಬೋಲ್ಟು, ಕುಲುಕಾಟಕ್ಕೆ ಸಡಿಲವಾಗದ ನೈಲಾಕ್ ನಟ್ಟುಗಳಿಂದ ಬಿಗಿಯಬೇಕು.

ಕೊಂಡಜ್ಜಿ ಕಡೆಯವನು · ಏಪ್ರಿಲ್ 13

ತಾಂತ್ರಿಕ ವಿಷಯದಲ್ಲಿ ನನ್ನದೇನೂ ಇಲ್ಲ, ಕಾಗದಪತ್ರದ ಬಗ್ಗೆ ಮಾತ್ರ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ನಾಲ್ಕನೇ ಉಪಕಲಂ ಪ್ರಕಾರ, ಕಾಯ್ದೆ ಒಪ್ಪದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಆಗಬಹುದು. ಕಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಸೀಟು ತೆಗೆದು ಮಂಚ ಹಾಕಿರುವ ನಿಮ್ಮ ಗಾಡಿಯಲ್ಲಿ ಕಿಂಡಿಗಿಂತ ಮೊದಲು ಸೀಟಿನ ಸಂಖ್ಯೆಯೇ ಪ್ರಶ್ನೆಯಾಗುತ್ತದೆ. ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಗೆ ನಕ್ಷೆಯೊಂದಿಗೆ ಅರ್ಜಿ ಕೊಟ್ಟು, ಉತ್ತರವನ್ನು ಲಿಖಿತವಾಗಿ ಪಡೆದುಕೊಳ್ಳಿ. ವಿಮಾ ಕಂಪನಿಗೂ ಒಂದು ಪ್ರತಿ ಕಳುಹಿಸಿ. ಬಾಯಿಮಾತಿನ ಒಪ್ಪಿಗೆ ಅಪಘಾತದ ದಿನ ಕೆಲಸಕ್ಕೆ ಬರುವುದಿಲ್ಲ.

ದುರ್ಗದ ಸವಾರ · ಮೇ 18

ಕಾಗದದ ಕೆಲಸಕ್ಕೆ ಸಮಯ ಹಿಡಿದದ್ದರಿಂದ ಉತ್ತರಿಸುವುದು ತಡವಾಯಿತು, ಕ್ಷಮೆಯಿರಲಿ. ಅದು ಮುಗಿದ ಮೇಲೆ, ಕಳೆದ ಶನಿವಾರ ಮತ್ತು ಭಾನುವಾರ ನಾನೂ ನನ್ನ ಭಾವಮೈದುನನೂ ಸೇರಿ ಕೆಲಸ ಮುಗಿಸಿದೆವು. ಮುಂದೆ ಮಾಡುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮ್ಯಾಕ್ಸ್‌ಫ್ಯಾನ್ ಎಂಬ, ಗಾಡಿ ಚಾವಣಿಗೆಂದೇ ಸಿಗುವ ಫ್ಯಾನನ್ನು ತರಿಸಿದೆ. ಅದಕ್ಕೆ ಬೇಕಾದದ್ದು 14 ಇಂಚು ಚೌಕದ, ಅಂದರೆ ಸುಮಾರು 356 ಮಿಲಿಮೀಟರಿನ ಕಿಂಡಿ. ಚಾವಣಿಯ ಅಡ್ಡ ಕಮಾನುಪಟ್ಟಿಗಳನ್ನು ಯಾವ ಕಾರಣಕ್ಕೂ ಕೊಯ್ಯಬಾರದೆಂದು ಶೆಡ್‌ನವರು ಫೋನಿನಲ್ಲಿ ಎಚ್ಚರಿಸಿದ್ದರಿಂದ, ಒಳಚಾವಣಿಯ ಹಲಗೆ ಬಿಚ್ಚಿ, ಎರಡು ಪಟ್ಟಿಗಳ ನಡುವಿನ ಜಾಗವನ್ನು ಒಳಗಿನಿಂದಲೇ ಗುರುತು ಮಾಡಿಕೊಂಡೆವು. ನಾಲ್ಕು ಮೂಲೆಗಳಲ್ಲಿ ಒಳಗಿನಿಂದ ಮೇಲಕ್ಕೆ ಸಣ್ಣ ರಂಧ್ರ ಕೊರೆದು, ಮೇಲೆ ಹತ್ತಿ ಆ ರಂಧ್ರಗಳನ್ನು ಸೇರಿಸಿ ಗೆರೆ ಎಳೆದೆವು. ಮೂಲೆಗಳನ್ನು ಚೂಪಾಗಿ ಬಿಡದೆ ಅರ್ಧ ಇಂಚಿನ ಡ್ರಿಲ್‌ನಿಂದ ದುಂಡಾಗಿಸಿದೆವು. ಚೂಪು ಮೂಲೆಯಾದರೆ ಗಾಡಿಯ ಕುಲುಕಾಟಕ್ಕೆ ಅಲ್ಲಿಂದಲೇ ತಗಡು ಸೀಳುತ್ತದಂತೆ.

ಕೊಯ್ಯುವಾಗ ಬೀಳುವ ಕಬ್ಬಿಣದ ಪುಡಿಗೆ ಭಾವಮೈದುನ ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿತು. ನಮ್ಮ ಮಾವನವರ ಕಾಲದ ದೊಡ್ಡ ಕರಿ ಕೊಡೆಯನ್ನು ಬಿಚ್ಚಿ, ತಲೆಕೆಳಗಾಗಿ ಕಿಂಡಿಯ ಕೆಳಗೆ ತೂಗು ಹಾಕಿದ. ಪುಡಿಯೆಲ್ಲ ಮಳೆಯಂತೆ ಅದರೊಳಗೆ ಬಿತ್ತು. ಮೇಲೆ ಬಿದ್ದದ್ದನ್ನು ಪ್ಲಾಸ್ಟಿಕ್ ಚೀಲದೊಳಗೆ ಅಯಸ್ಕಾಂತವಿಟ್ಟು ಸವರಿ ತೆಗೆದೆವು, ಚೀಲವನ್ನು ಒಳಮಗ್ಗುಲಾಗಿ ತಿರುಗಿಸಿದರೆ ಪುಡಿ ಅದರೊಳಗೇ ಉಳಿಯುತ್ತದೆ. ನಾಲ್ಕನೆಯ ಬದಿ ಮುಗಿಯುವ ಮೊದಲು ಕೊಯ್ದ ತುಂಡಿಗೆ ಅಡ್ಡ ಟೇಪ್ ಅಂಟಿಸದೆ ಇದ್ದಿದ್ದರೆ ಅದು ಜೋತುಬಿದ್ದು ಕೊನೆಯ ಇಂಚನ್ನು ಹರಿದುಬಿಡುತ್ತಿತ್ತು. ಅಂಚನ್ನು ಅರದಿಂದ ಉಜ್ಜಿ, ಎರಡು ಕೈ ಜಿಂಕ್ ಪ್ರೈಮರ್ ಬಳಿದು, ರಾತ್ರಿಯಿಡೀ ಒಣಗಲು ಬಿಟ್ಟೆವು. ಆ ರಾತ್ರಿ ಎಲ್ಲಿ ಮಳೆ ಬರುತ್ತದೋ ಎಂದು ತಾರ್ಪಾಲು ಹೊದಿಸಿ ಮೂರು ಸಲ ಎದ್ದು ನೋಡಿದ್ದೇನೆ.

ಮುಚ್ಚಳದ ಹಿಂಜ್ ಗಾಡಿಯ ಮುಂದಿನ ಕಡೆಗೆ ಬರುವಂತೆ ಕೂರಿಸಿದ್ದೇವೆ. ಮರೆತು ತೆರೆದಿಟ್ಟು ಹೊರಟರೂ ಎದುರು ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆಯೇ ಹೊರತು ಕಿತ್ತೊಯ್ಯುವುದಿಲ್ಲ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲವಲ್ಲ. ವೈರಿಂಗಿನಲ್ಲಿ ಹೇಳುವಂಥದ್ದೇನಿಲ್ಲ. ಬ್ಯಾಟರಿಯ ಹತ್ತಿರವೇ ಕೈಪಿಡಿಯಲ್ಲಿ ಹೇಳಿದ ಫ್ಯೂಸ್ ಹಾಕಿ ತಂತಿ ಎಳೆದಿದ್ದೇವೆ. ಮೀಟರ್ ಹಿಡಿದು ನೋಡಿದಾಗ ಪೂರ್ತಿ ವೇಗದಲ್ಲಿ ಸುಮಾರು ಮೂರು ಆಂಪಿಯರ್ ಎಳೆಯುತ್ತಿತ್ತು. ಎಂಟು ಗಂಟೆ ಹಾಗೆಯೇ ಓಡಿದರೆ 24 ಆಂಪಿಯರ್-ಅವರ್ ಆಗುತ್ತದೆ. ಆದರೆ ಹಾಸಿಗೆ ಸೇರುವ ಮೊದಲು ಹದಿನೈದು ನಿಮಿಷ ಜೋರಾಗಿ ಓಡಿಸಿ ಆಮೇಲೆ ಕೆಳಗಿನ ವೇಗಕ್ಕೆ ಇಳಿಸಿದರೆ ಅದರ ಕಾಲು ಭಾಗವೂ ಬೇಕಾಗುವುದಿಲ್ಲ. ಮೊನ್ನೆ ರಾತ್ರಿ ಎರಡು ಗಂಟೆಗೆ ಹೊದಿಕೆ ಹುಡುಕಬೇಕಾಯಿತು.

ಹಿರಿಯೂರಿನ ಅಕ್ಕ · ಮೇ 19

ಕೊಡೆಯ ಉಪಾಯ ಹೇಳಿದ ಭಾವಮೈದುನನಿಗೆ ನನ್ನ ಕಡೆಯಿಂದ ಒಂದು ಪ್ಲೇಟು ಮಂಡಕ್ಕಿ ಮಿರ್ಚಿ ಬಾಕಿ ಇದೆ. ಮಳೆಗೆ ಮೊದಲು ಒಂದು ಸಲ ಬಿಂದಿಗೆಯಲ್ಲಿ ನೀರು ಸುರಿದು ಪರೀಕ್ಷಿಸಿ.

ದುರ್ಗದ ಸವಾರ · ಜೂನ್ 7

ಬಿಂದಿಗೆ ನೀರಿನ ಪರೀಕ್ಷೆಯಲ್ಲಿ ಗಾಡಿ ಗೆದ್ದಿತು, ಮಳೆಯ ಪರೀಕ್ಷೆಯಲ್ಲಿ ಸೋತಿತು. ನಿನ್ನೆ ಸಂಜೆ ಒಂದು ಗಂಟೆ ಸುರಿದ ಮಳೆಗೆ, ಫ್ಯಾನಿನ ಚೌಕಟ್ಟಿನ ಪಕ್ಕದಲ್ಲೇ ಒಳಚಾವಣಿಯ ಹಲಗೆಯಿಂದ ತೊಟ್ಟಿಕ್ಕಲು ಆರಂಭವಾಯಿತು. ಒಂದು ತಿಂಗಳ ಶ್ರಮ ನೀರಿಗೆ ಬಿತ್ತೆಂದು ಕುಳಿತುಬಿಟ್ಟೆ. ಚೌಕಟ್ಟನ್ನೆಲ್ಲ ಬಿಚ್ಚಬೇಕೇ?

ಹದಿನೇಳರ ಶೆಡ್ · ಜೂನ್ 7

ಬಿಚ್ಚಬೇಡಿ. ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗವೆಂದು ನಂಬಬಾರದು. ತಗಡಿನ ಒಳಮೈಯಲ್ಲಿ ಅದು ಏಣು ಹಿಡಿದು ನಾಲ್ಕಡಿ ಹರಿದು ಬಂದಿರಬಹುದು. ಹೀಗೆ ಮಾಡಿ: ಎಲ್ಲ ಕಿಟಕಿ, ಬಾಗಿಲು ಮುಚ್ಚಿ ಫ್ಯಾನನ್ನು ಒಳಕ್ಕೆ ಗಾಳಿ ಊದುವಂತೆ ಪೂರ್ತಿ ವೇಗದಲ್ಲಿ ಬಿಡಿ. ಮೇಲೆ ಹತ್ತಿ, ಸೋಪಿನ ನೀರನ್ನು ಬ್ರಶ್ಶಿನಿಂದ ಚೌಕಟ್ಟಿನ ಸುತ್ತ, ಪ್ರತಿ ಸ್ಕ್ರೂ ಮತ್ತು ಪ್ರತಿ ಬೆಸುಗೆಯ ಮೇಲೆ ಸವರುತ್ತ ಹೋಗಿ. ಪಂಕ್ಚರ್ ಹುಡುಕಿದ ಹಾಗೆಯೇ. ರಂಧ್ರವಿದ್ದಲ್ಲಿ ಗುಳ್ಳೆ ಏಳುತ್ತದೆ.

ಹೊಳಲ್ಕೆರೆ ಮೇಷ್ಟ್ರು · ಜೂನ್ 8

ತೊಟ್ಟಿಕ್ಕಿದ್ದು ಮಳೆಯ ಸಂಜೆಯೇ ಆಗಿರುವುದರಿಂದ ಇದು ಇಬ್ಬನಿಯ ನೀರಲ್ಲ. ಆದರೆ ಡಿಸೆಂಬರಿನಲ್ಲಿ ಬೆಳಗಿನ ಜಾವ ಚೌಕಟ್ಟಿನಿಂದ ಹನಿ ಬಿದ್ದರೆ ಗಾಬರಿಯಾಗಬೇಡಿ. ಮಲಗಿದವರ ಉಸಿರಿನ ತೇವವು ತಣ್ಣನೆಯ ಲೋಹಕ್ಕೆ ತಾಗಿ ನೀರಾಗುತ್ತದೆ. ಫ್ಯಾನನ್ನು ಅತಿ ಕಡಿಮೆ ವೇಗದಲ್ಲಿ ಬಿಟ್ಟರೆ ಅದು ಕಡಿಮೆಯಾಗುತ್ತದೆ.

ದುರ್ಗದ ಸವಾರ · ಜೂನ್ 9

ಗುಳ್ಳೆ ಎದ್ದಿತು, ಆದರೆ ಕಿಂಡಿಯಲ್ಲಿ ಅಲ್ಲ. ಚೌಕಟ್ಟಿನ ಸುತ್ತ ಎರಡು ಸಲ ಸವರಿದರೂ ಏನೂ ಇರಲಿಲ್ಲ. ಅಲ್ಲಿಂದ ಮೂರಡಿ ಹಿಂದೆ, ಹಿಂದಿನ ಮಾಲೀಕರ ಕಾಲದ ಲಗೇಜ್ ಕ್ಯಾರಿಯರಿನ ಬೋಲ್ಟೊಂದರ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆಗಳು ಒಂದರ ಹಿಂದೆ ಒಂದು ಉಬ್ಬಿ ಒಡೆಯುತ್ತಿದ್ದವು. ಬೋಲ್ಟು ತೆಗೆದು ನೋಡಿದರೆ ರಬ್ಬರ್ ವಾಷರ್ ಬೆರಳಿಗೆ ಹುಡಿಯಾಗಿ ಬಂತು. ಗಾಡಿ ನಿಂತಿದ್ದ ಜಾಗ ಮುಂದಕ್ಕೆ ಇಳಿಜಾರಾಗಿದ್ದರಿಂದ, ಅಲ್ಲಿ ಇಳಿದ ನೀರು ತಗಡಿನ ಒಳಗೇ ಹರಿದು ಫ್ಯಾನಿನ ಪಕ್ಕಕ್ಕೆ ಬಂದು ತೊಟ್ಟಿಕ್ಕಿದೆ. ನಾವು ಬಿಂದಿಗೆಯಲ್ಲಿ ನೀರು ಸುರಿದದ್ದು ಕಿಂಡಿಯ ಸುತ್ತ ಮಾತ್ರ.

ಕ್ಯಾರಿಯರಿನ ಎಂಟೂ ಬೋಲ್ಟುಗಳನ್ನು ತೆಗೆದು, ತುಕ್ಕು ಕೆರೆದು, ಪ್ರೈಮರ್ ಬಳಿದು, ಬ್ಯೂಟೈಲ್ ತುಂಡುಗಳ ಮೇಲೆ ಹೊಸ ವಾಷರ್ ಇಟ್ಟು ಬಿಗಿದಿದ್ದೇನೆ. ನೆನೆದ ಪ್ಲೈ ಒಣಗಲೆಂದು ಒಳಚಾವಣಿಯ ಎರಡು ಹಲಗೆಗಳನ್ನು ಬಿಚ್ಚಿ ಜಗಲಿಯ ಮೇಲೆ ನಿಲ್ಲಿಸಿದ್ದೇನೆ. ಇನ್ನೆರಡು ಒಳ್ಳೆಯ ಮಳೆ ಬಂದು ಹೋಗುವವರೆಗೆ ಅವುಗಳನ್ನು ಮತ್ತೆ ಜೋಡಿಸುವುದಿಲ್ಲ.